ಹರಿಯಬೇಕಾದ ಹೊಲಿಗೆ

ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ. ಅದರೊಳಗೆ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಅಪ್ಪನ ಬೆವರು, ಯಜಮಾನರ ಹೆಂಡತಿ ತಲೆಗೆ ಹಚ್ಚುತ್ತಿದ್ದ ಎಣ್ಣೆ. ಎಚ್ಚರಾಗುವ ಮೊದಲೇ ಅದು ಎಲ್ಲಿಂದಲೋ ಬಂದು ಅವಳ ಮೂಗಿನೊಳಗೆ ಕೂತುಬಿಟ್ಟಿತ್ತು. ಕಣ್ಣು ಬಿಟ್ಟ ಮೇಲೂ ಹೋಗಲಿಲ್ಲ. ಅಪ್ಪ ಯಜಮಾನರ ಕಾರು ಓಡಿಸುತ್ತಿದ್ದ. ಶಾಲೆಗೆ ರಜೆ ಇದ್ದ ದಿನ ಅವನು ಅಂಗಳದಲ್ಲಿ ಕಾರು ತೊಳೆಯುವಾಗ ಅವಳಿಗೆ ಹಿಂದಿನ ಸೀಟಿನಲ್ಲಿ ಕೂರುವ ಅನುಮತಿ ಇತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಲು ಎಲ್ಲಿಯೂ ತಾಗದ ಹಾಗೆ. ಹಾಗೆ ಕೂತಿದ್ದಾಗ ಒಂದು ದಿನ ಸೀಟಿನ ಅಂಚಿನಲ್ಲಿ ದಾರದ ತುದಿಯೊಂದು ಬೆರಳಿಗೆ ಸಿಕ್ಕಿತು. ಎಳೆದಳು. ಬಂತು. ಇನ್ನೊಂದಿಷ್ಟು ಎಳೆದಳು, ಇನ್ನೊಂದಿಷ್ಟು ಬಂತು. ಟುಕ್ ಟುಕ್ ಎಂದು ಒಂದೊಂದೇ ಹೊಲಿಗೆ ಬಿಟ್ಟುಕೊಡುವಾಗಿನ ಸುಖವನ್ನು ಅವಳು ಆಮೇಲೆ ಯಾವುದರಲ್ಲಿಯೂ ಕಾಣಲಿಲ್ಲ. ಒಳಗಿನ ಹಳದಿ ಸ್ಪಂಜು ಬಾಯ್ದೆರೆದು ಅವಳನ್ನು ನೋಡಿದಾಗಲೇ ಮೈಮೇಲೆ ಎಚ್ಚರ ಬಂದದ್ದು. ಅಷ್ಟರಲ್ಲಿ ಯಜಮಾನರು ಬಾಗಿಲು ತೆಗೆದಿದ್ದರು. ‘ಇದೇನಿದು?’ ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಒದ್ದೆ ಬಟ್ಟೆ ಹಿಂಡುತ್ತ, ‘ನನ್ನ ಬೆಲ್ಟಿನ ಬಕಲ್ ತಾಗಿ ಹರಿದುಹೋಯ್ತು ಸ್ವಾಮಿ’ ಎಂದ. ‘ಕಣ್ಣು ಎಲ್ಲಿಟ್ಟಿದ್ದೆ?’ ಎಂದರು ಯಜಮಾನರು, ಮಗಳ ಎದುರಿನಲ್ಲಿ. ಅಪ್ಪ ತಲೆ ತಗ್ಗಿಸಿದ. ಮನೆಗೆ ನಡೆಯುವಾಗ ಅವನು ಆ ಮಾತೇ ಎತ್ತಲಿಲ್ಲ. ಅವಳ ತೋರುಬೆರಳನ್ನು ಹಿಡಿದು, ದಾರ ಕುಯ್ದಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದ, ಅಷ್ಟೇ.

ಅಪ್ಪ ಸುಳ್ಳು ಹೇಳಿದ್ದ. ತಾನು ನಿನ್ನೆ ಹೇಳಿದ್ದು ನಿಜ. ಹಾಸಿಗೆಯಲ್ಲಿ ಮಲಗಿಯೇ ಅವಳು ಇದನ್ನು ಲೆಕ್ಕದ ಮೇಷ್ಟರ ಮುಂದೆ ನಿಂತವಳ ಹಾಗೆ ಮನಸ್ಸಿನಲ್ಲೇ ಒಪ್ಪಿಸಿದಳು. ನಿಜ ಹೇಳಿದೆ. ಕೇಳಿದ್ದಕ್ಕೆ ಹೇಳಿದೆ. ಅಡುಗೆಮನೆಯಲ್ಲಿ ಗಂಡ ಪಾತ್ರೆ ಸದ್ದಾಗದ ಹಾಗೆ ಓಡಾಡುತ್ತಿದ್ದ. ಸದ್ದಾಗದ ಹಾಗೆ ಓಡಾಡುವುದನ್ನು ಅವನು ಕಲಿತದ್ದು ಕಳೆದ ವರ್ಷ. ಅದಕ್ಕೆ ಮೊದಲು ಅವಳು ಕೆಲಸ ಮಾಡುವ ಅದೇ ಕಾರು ಕಾರ್ಖಾನೆಯ ತಗಡು ಒತ್ತುವ ವಿಭಾಗದಲ್ಲಿ ದಿನವಿಡೀ ಗುಡುಗಿನ ನಡುವೆ ನಿಂತು, ಮನೆಯಲ್ಲೂ ಕಿರುಚಿಯೇ ಮಾತಾಡುತ್ತಿದ್ದ ಮನುಷ್ಯ. ಕಂಪನಿ ದಿವಾಳಿ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡ ವಾರವೇ ಆ ವಿಭಾಗವನ್ನು ಮುಚ್ಚಿದರು; ಮನೆಗೆ ಕಳಿಸಿದ ಮೊದಲ ಗುಂಪಿನಲ್ಲಿ ಅವನೂ ಇದ್ದ. ಅಂದಿನಿಂದ ಅವನ ದನಿ ಒಂದು ಮೆಟ್ಟಿಲು ಇಳಿದಿದೆ. ಅವಳ ಊಟದ ಡಬ್ಬಿ ತುಂಬುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡು, ಮುಚ್ಚಳದ ಅಂಚಿನಲ್ಲಿ ಅಂಟಿದ ಒಂದು ಅಗುಳನ್ನೂ ಒರೆಸಿ ಕೊಡುತ್ತಾನೆ.

‘ನಿನ್ನೆ ಏನು ಕೇಳಿದರು ಅಂತ ಸರಿಯಾಗಿ ಹೇಳಲೇ ಇಲ್ಲ ನೀನು’ ಎಂದ, ಲೋಟ ಕೈಗಿಡುತ್ತ.

‘ಕೇಳಿದರು. ಹೇಳಿದೆ.’

‘ಸುಳ್ಳು ಹೇಳಿದ್ಯಾ?’

‘ಇಲ್ಲ.’

‘ಮತ್ತೆ ರಾತ್ರಿಯೆಲ್ಲ ಯಾಕೆ ಹೊರಳಾಡ್ತಿದ್ದೆ? ಸುಳ್ಳು ಹೇಳಿದವರೇ ಗೊರಕೆ ಹೊಡೀತಾರೆ ಈ ಕಾಲದಲ್ಲಿ.’ ನಗಿಸಲೆಂದು ಹೇಳಿದ್ದು. ಅವಳು ನಕ್ಕಳು. ಆ ನಗುವನ್ನು ಅವನು ನಂಬಲಿಲ್ಲ ಎಂಬುದು, ಅವನು ಅವಳ ಚಪ್ಪಲಿಯನ್ನು ಹೊಸ್ತಿಲ ಬಳಿ ಜೋಡಿಸಿ, ಮತ್ತೆ ಇನ್ನೊಂದು ಸಲ ಜೋಡಿಸಿದ ರೀತಿಯಲ್ಲೇ ತಿಳಿಯಿತು. ಬಸ್ಸು ಹತ್ತಿ ಕಂಬಿ ಹಿಡಿಯಲು ಹೋದಾಗ ಎರಡೂ ಕೈ ಖಾಲಿ ಇದ್ದವು. ಡಬ್ಬಿ ಮೇಜಿನ ಮೇಲೆಯೇ ಉಳಿದಿತ್ತು. ಮರೆತೆನೋ, ಬಿಟ್ಟುಬಂದೆನೋ ಎಂದು ಮುಂದಿನ ನಿಲ್ದಾಣದವರೆಗೂ ಯೋಚಿಸಿದಳು. ಉತ್ತರ ಸಿಗಬಾರದೆಂದೇ ಕಿಟಕಿಯ ಆಚೆ ನೋಡಿದಳು.

ಏಕೆಂದರೆ ಆ ಡಬ್ಬಿ ಅವಳ ಊಟವಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೂ ಅವಳ ಡಬ್ಬಿ ಗೆಳತಿಗೆ, ಗೆಳತಿಯ ಡಬ್ಬಿ ಅವಳಿಗೆ. ಯಾಕೆ ಹಾಗೆ ಶುರುವಾಯಿತೆಂದು ಈಗ ಇಬ್ಬರಿಗೂ ನೆನಪಿಲ್ಲ. ನಿತ್ಯ ಒಂದೇ ಕೈಯಡುಗೆ ತಿಂದು ಬೇಸತ್ತ ಇಬ್ಬರು ಹುಡುಗಿಯರ ಹುಡುಗಾಟ ಇದ್ದಿರಬೇಕು. ಮದುವೆಯಾದರೂ, ಮಕ್ಕಳಾದರೂ, ಮಕ್ಕಳು ಮನೆ ಬಿಟ್ಟರೂ ಅದು ನಿಲ್ಲಲಿಲ್ಲ. ಗೆಳತಿಯ ಡಬ್ಬಿ ಕಟ್ಟುವುದು ಅವಳ ಅತ್ತೆ. ಕಣ್ಣು ಮಂಜಾದ ಮೇಲೆ ಆ ಮುದುಕಿ ಉಪ್ಪು ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕುತ್ತಾರೆ. ‘ನನ್ನ ಅತ್ತೆಯ ಉಪ್ಪು ನಾನೊಬ್ಬಳೇ ಯಾಕೆ ತಿನ್ನಲಿ, ನೀನೂ ತಿನ್ನು’ ಎಂದು ಗೆಳತಿ ನಗುತ್ತಾಳೆ. ‘ಅದಕ್ಕೆ ಹೇಳಿಬಿಟ್ಟಿದ್ದೀನಿ ಮನೇಲಿ, ನನ್ನ ಗೆಳತಿಗೆ ಬಿಪಿ ಬಂದ್ರೆ ನೀವೇ ಹೊಣೆ ಅಂತ.’ ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಆ ಮನೆಯ ಉಪ್ಪನ್ನು ತಾನು ತಿಂದಷ್ಟು ಯಾರೂ ತಿಂದಿರಲಾರರು.

ಗೇಟಿನ ಮೇಲಿನ ಫಲಕಕ್ಕೆ ಬಟ್ಟೆ ಹೊದಿಸಿದ್ದರು. ಹಳೆಯ ಹೆಸರನ್ನು ಕಿತ್ತಾಗಿದೆ, ಹೊಸ ಹೆಸರನ್ನು ಇನ್ನೂ ತೋರಿಸುವ ಹಾಗಿಲ್ಲ. ದಿವಾಳಿಯೆದ್ದ ಕಂಪನಿಯನ್ನು ಹೊರದೇಶದ ದೊಡ್ಡ ಕಾರು ಕಂಪನಿಯೊಂದು ತನ್ನೊಳಗೆ ಸೇರಿಸಿಕೊಳ್ಳುತ್ತಿದೆ ಎಂಬುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಯಾರು ಉಳಿಯುತ್ತಾರೆ, ಯಾರು ಇಲ್ಲ ಎಂಬುದನ್ನು ಒಂದೊಂದೇ ವಿಭಾಗಕ್ಕೆ ಬಂದು ನೋಡಿ ಹೇಳುತ್ತಿದ್ದರು. ‘ಪೇಪರಿನಲ್ಲಿ ಮದುವೆ ಮದುವೆ ಅಂತ ಬರೀತಾರೆ’ ಎಂದಳು ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸು. ಬೆಳಿಗ್ಗೆ ಬಾಯಿ ತೆರೆದರೆ ಸಂಜೆಗೇ ಮುಚ್ಚುವುದೆಂದು ಅವಳಿಗೆ ರೇಡಿಯೊ ಎಂದೇ ಹೆಸರು. ‘ಇದೆಂಥ ಮದುವೆ ಅಕ್ಕ? ಹೆಣ್ಣಿನ ಕಡೆಯವರನ್ನೆಲ್ಲ ಊಟಕ್ಕೆ ಮೊದಲೇ ಕೈತೊಳೆಸಿ ಕಳಿಸ್ತಿದ್ದಾರಲ್ಲ.’ ಹಿಂದೆ ಬರುತ್ತಿದ್ದವರು ನಕ್ಕರು. ಗೇಟಿನ ಕಾವಲುಗಾರ ನಗದೆ, ಆದರೆ ತಡೆಯದೆ, ಬಾಗಿಲನ್ನು ಕೊಂಚ ಹೆಚ್ಚೇ ಅಗಲವಾಗಿ ತೆರೆದ. ಅವನ ಮಗಳ ಮದುವೆಗೆ ಇವರೆಲ್ಲ ಹೋಗಿದ್ದರು.

ಹೊಲಿಗೆ ವಿಭಾಗದಲ್ಲಿ ಮಷಿನ್ನುಗಳು ಎರಡು ಸಾಲು. ಒಂದು ಸಾಲು ಕಾರಿನ ಎಡಗಡೆಯ ಸೀಟುಗಳಿಗೆ ಗವಸು ಹೊಲಿಯುತ್ತದೆ, ಇನ್ನೊಂದು ಬಲಗಡೆಯವಕ್ಕೆ. ಎಡಸಾಲನ್ನು ನೋಡಿಕೊಳ್ಳುವವಳು ಇವಳು, ಎಲ್ಲರಿಗೂ ಎಡಗಡೆ ಅಕ್ಕ; ಬಲಸಾಲಿನವಳು ಗೆಳತಿ, ಬಲಗಡೆ ಅಕ್ಕ. ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರುವ ಹಾಗೆ ಅವರ ಮಷಿನ್ನುಗಳಿದ್ದವು. ಕುರ್ಚಿ ಹಿಂದಕ್ಕೆ ಜರುಗಿಸಿದರೆ ಬೆನ್ನಿಗೆ ಬೆನ್ನು ತಾಗುತ್ತಿತ್ತು. ಸೊಂಟ ನೋಯುವ ಮಧ್ಯಾಹ್ನಗಳಲ್ಲಿ ಹಾಗೆ ಒರಗಿಕೊಂಡೇ ಇಬ್ಬರೂ ದಾರ ಪೋಣಿಸಿದ್ದುಂಟು. ಹೊಸ ಕಂಪನಿಗೆ ಎರಡು ಸಾಲು ಬೇಡ. ಒಂದೇ ಸಾಲು, ಒಬ್ಬಳೇ ಅಕ್ಕ.

‘ಏನೇ, ಮುಖ ಯಾಕೆ ಒಗೆದು ಹಿಂಡಿದ ಹಾಗಿದೆ?’ ಗೆಳತಿ ಆಗಲೇ ಬಂದು ಎರಡೂ ಮಷಿನ್ನುಗಳ ಧೂಳು ಒರೆಸಿದ್ದಳು. ಮೊದಲು ಬಂದವರು ಎರಡನ್ನೂ ಒರೆಸುವುದು ರೂಢಿ.

‘ನಿದ್ದೆ ಬರಲಿಲ್ಲ.’

‘ನನಗೆ ಬಂತಪ್ಪ. ಕತ್ತಿ ಬೀಳೋದಿದ್ರೆ ಎಚ್ಚರ ಇದ್ದವರಿಗೂ ಬೀಳುತ್ತೆ, ಮಲಗಿದವರಿಗೂ ಬೀಳುತ್ತೆ.’ ಹತ್ತಿರ ಬಗ್ಗಿ ದನಿ ತಗ್ಗಿಸಿದಳು. ‘ಮೊನ್ನೆ ನನ್ನನ್ನ ಕರೆದು ಕೇಳಿದ್ರು ಕಣೇ, ನಿನ್ನ ಬಗ್ಗೆ. ಹೊಸ ಕಂಪನಿಯ ಆ ಬಿಳಿ ಕೂದಲಿನ ಹೆಂಗಸು. ನಿನ್ನ ಕೆಲಸದಲ್ಲಿ ಏನಾದ್ರೂ ಕೊರತೆ ಇದ್ಯಾ ಅಂತ.’

ಅವಳಿಗೆ ಸೂಜಿಯ ಕಣ್ಣು ಕಾಣಿಸಲಿಲ್ಲ. ‘ಏನಂದೆ?’

‘ಹೊಲಿಗೆ ಬಗ್ಗೆ ಕೇಳಿ, ಸಂಜೆ ತನಕ ಹೇಳ್ತೀನಿ. ಯಾರನ್ನ ಕಳಿಸಬೇಕು ಅನ್ನೋದು ನೀವೇ ಹೇಳಿ, ಅದಕ್ಕೇ ತಾನೇ ನೀವು ಅಷ್ಟು ದೂರದಿಂದ ವಿಮಾನ ಹತ್ತಿ ಬಂದಿದ್ದು ಅಂದೆ. ಆ ದುಭಾಷಿ ಪಾಪ, ಅದನ್ನ ಹೇಗೆ ಹೇಳೋದು ಅಂತ ಬೆವತುಹೋದ.’ ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಸುಮ್ಮನೆ, ಹವೆಯ ಬಗ್ಗೆ ಕೇಳುವ ಹಾಗೆ, ‘ನಿನ್ನ ಕೇಳಲಿಲ್ವಾ?’ ಎಂದಳು.

‘ಕೇಳಿದ್ರು.’

‘ಏನಂದೆ?’

‘ಏನೋ... ಒಳ್ಳೇದೇ ಹೇಳಿದೆ.’

‘ಮತ್ತಿನ್ನೇನು ಹೇಳ್ತೀಯಾ’ ಎಂದು ಗೆಳತಿ ತನ್ನ ಮಷಿನ್ನಿಗೆ ತಿರುಗಿದಳು. ಕುರ್ಚಿ ಜರುಗಿ ಬೆನ್ನಿಗೆ ಬೆನ್ನು ತಾಗಿತು. ಇವಳು ಗೆಳತಿಗೆ ಕಾಣದ ಹಾಗೆ ತನ್ನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ನಿನ್ನೆ ಆ ಕಚೇರಿಯ ಕೋಣೆಯಲ್ಲಿ ಅವಳು ಒಳ್ಳೆಯದನ್ನೂ ಹೇಳಿದ್ದಳು. ಮೊದಲು ಹೇಳಿದ್ದು ಅದನ್ನೇ. ಗೆಳತಿಯಷ್ಟು ಚುರುಕು ಕೈ ಈ ವಿಭಾಗದಲ್ಲಿ ಇನ್ನೊಂದಿಲ್ಲ, ಹೊಸಬರಿಗೆ ಕಲಿಸುವಾಗ ಒಮ್ಮೆಯೂ ಗದರಿದವಳಲ್ಲ. ಬಿಳಿ ಕೂದಲಿನ ಹೆಂಗಸು ತಲೆಯಾಡಿಸುತ್ತ ಕೇಳಿದಳು, ತಾನೇ ಎದ್ದು ಲೋಟಕ್ಕೆ ನೀರು ಬಗ್ಗಿಸಿ ಇವಳ ಕಡೆಗೆ ಸರಿಸಿದಳು. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆಮೇಲೆ ಯಾರೂ ಮಾತಾಡಲಿಲ್ಲ. ಆ ಮೌನ ಬೆಳೆಯುತ್ತ ಹೋಯಿತು. ಅದರೊಳಗೆ ಅವಳಿಗೆ ತನ್ನ ಮನೆ ಕಾಣಿಸಿತು: ಗಂಡ ಹೆಂಡತಿ ಇಬ್ಬರೂ ಹಗಲು ಹೊತ್ತಿನಲ್ಲಿ ಎದುರುಬದುರು ಕೂತು, ಒಂದೇ ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವುದು, ಇಬ್ಬರೂ ಸದ್ದಾಗದ ಹಾಗೆ ಓಡಾಡುವುದು. ಆಗ ಅವಳ ಬಾಯಿ, ಅವಳನ್ನು ಕೇಳದೆಯೇ, ‘ಒಂದು ವಿಷಯ’ ಎಂದಿತು.

ಸೀಟಿನ ಪಕ್ಕದಲ್ಲಿ, ಬಾಗಿಲ ಕಡೆಗೆ, ಗವಸಿನ ಒಳಗೆ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ಗಾಡಿಗೆ ಪೆಟ್ಟು ಬಿದ್ದ ಗಳಿಗೆಯಲ್ಲಿ ಅದು ಹೊಲಿಗೆಯನ್ನು ಹರಿದುಕೊಂಡೇ ಹೊರಗೆ ಉಬ್ಬಿ ಬರಬೇಕು. ಅದಕ್ಕೆಂದೇ ಆ ಒಂದು ಗೇಣು ಜಾಗಕ್ಕೆ ಬೇರೆ ದಾರ, ತೆಳುವಾದದ್ದು, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಪ್ರತ್ಯೇಕ ಇಟ್ಟದ್ದು. ಹೊಲಿಗೆಯೂ ಬೇರೆ. ಉಳಿದೆಲ್ಲ ಕಡೆ ಹೊಲಿಗೆ ಮುಗಿಸುವಾಗ ಮಷಿನ್ನನ್ನು ಒಮ್ಮೆ ಹಿಂದಕ್ಕೆ ಓಡಿಸಿ ತುದಿಯನ್ನು ಗಟ್ಟಿ ಮಾಡಬೇಕು. ಇಲ್ಲಿ ಮಾತ್ರ ಮಾಡಕೂಡದು, ಸುಮ್ಮನೆ ಕೈಬಿಡಬೇಕು. ಹೊಸ ಕೈಯಾಗಿದ್ದರೆ ಅಲ್ಲಿ ತಪ್ಪುತ್ತಿರಲಿಲ್ಲ. ಗಟ್ಟಿ ಮಾಡಿ ಮಾಡಿ ಕೈ ಪಳಗಿದವರೇ ತಪ್ಪುವುದು. ಕಳೆದ ಚಳಿಗಾಲದಲ್ಲಿ ಗವಸುಗಳ ಕಟ್ಟನ್ನು ಮುಂದಕ್ಕೆ ಕಳಿಸುವ ಮೊದಲು ಕೈಯಾಡಿಸಿ ನೋಡುತ್ತಿದ್ದಾಗ ಒಂದರ ತುದಿಯಲ್ಲಿ ಅವಳ ಬೆರಳಿಗೆ ಗಂಟು ಸಿಕ್ಕಿತು. ಬಲಗಡೆಯದು. ಗೆಳತಿಯೇ ಹೊಲಿದದ್ದು, ಆ ಹೊಲಿಗೆಯನ್ನು ಸಾಲಿನ ಅಕ್ಕನೇ ಹಾಕಬೇಕೆಂಬುದು ನಿಯಮ. ಕರೆದು ತೋರಿಸಿದಾಗ ಗೆಳತಿಯ ತುಟಿ ಬಿಳುಚಿತು. ‘ಅಯ್ಯೋ, ಯಾರ ಮಗು ಕೂರ್ತಿತ್ತೋ ಇದರಲ್ಲಿ’ ಎಂದಳು. ಎಲ್ಲರೂ ಊಟಕ್ಕೆ ಹೋದಾಗ ಇಬ್ಬರೂ ಕೂತು ಬಿಚ್ಚಿದರು, ಹೊಸದಾಗಿ ಹೊಲಿದರು, ಆ ದಿನದ ಕಟ್ಟನ್ನೆಲ್ಲ ಮತ್ತೊಮ್ಮೆ ಬೆರಳಾಡಿಸಿ ನೋಡಿದರು. ಬೇರೆ ಯಾವುದರಲ್ಲೂ ಇರಲಿಲ್ಲ. ‘ನನ್ನ ಕೈಗೆ ಬುದ್ಧಿ ಕಡಿಮೆ ಕಣೇ, ಗಟ್ಟಿ ಮಾಡೋದೊಂದೇ ಗೊತ್ತು ಅದಕ್ಕೆ’ ಎಂದಿದ್ದಳು ಗೆಳತಿ. ಇಬ್ಬರೂ ಅದನ್ನು ಯಾರಿಗೂ ಹೇಳಲಿಲ್ಲ.

ಆ ಕೋಣೆಯಲ್ಲಿ ಅವಳು ಹೇಳಿದ್ದು ಇಷ್ಟು: ಏರ್‌ಬ್ಯಾಗಿನ ಹೊಲಿಗೆಯ ತುದಿಯನ್ನು ಅವಳು ಗಟ್ಟಿ ಮಾಡಿದ್ದನ್ನು ನಾನು ನೋಡಿದ್ದೇನೆ. ಎಷ್ಟು ಸಲ ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ದುಭಾಷಿ, ಮೊಣಕಾಲು ಕುಣಿಸುತ್ತ ಕೂರುವ ಆ ಸಣಕಲು ಮನುಷ್ಯ, ಕೂಡಲೇ ಅನುವಾದಿಸಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಅವಳ ಮುಖ ನೋಡಿದ. ಆಮೇಲೆ ಅವರ ಭಾಷೆಯಲ್ಲಿ ಹೇಳಿದ. ತುಂಬ ಚಿಕ್ಕ ವಾಕ್ಯ. ಇಷ್ಟೇ ಇಷ್ಟಾ ಅದು ಎಂದು ಅವಳಿಗೆ ಆಶ್ಚರ್ಯವಾಗಿತ್ತು.

ಹೇಳಲೇಬೇಕಾದ ವಿಷಯ ತಾನೇ ಅದು? ಜೀವದ ಪ್ರಶ್ನೆ. ಕಳೆದ ಚಳಿಗಾಲದಲ್ಲೇ ಹೇಳಬೇಕಿತ್ತು. ಹಾಗಾದರೆ ಆಗ ಯಾಕೆ ಹೇಳಲಿಲ್ಲ? ಆಗ ಹೇಳಿದರೆ ಸಿಗುವುದೇನೂ ಇರಲಿಲ್ಲ. ಅವಳು ಮಷಿನ್ನಿನ ಪಾದಪಟ್ಟಿಯನ್ನು ಅನಗತ್ಯ ಜೋರಾಗಿ ಒತ್ತಿದಳು; ಸೂಜಿ ಬಟ್ಟೆಯ ಅಂಚನ್ನು ದಾಟಿ ಖಾಲಿ ಹೊಲಿಯಿತು. ಪಕ್ಕದ ಮಷಿನ್ನಿನಿಂದ ರೇಡಿಯೊ ಒಮ್ಮೆ ತಿರುಗಿ ನೋಡಿ, ತನ್ನ ಕತ್ತರಿಯನ್ನು ಅವಳ ಕೈಗೆಟುಕುವ ಹಾಗೆ ಸರಿಸಿಟ್ಟಳು.

ಅವರು ಬಂದಾಗ ಇಡೀ ವಿಭಾಗದ ಸದ್ದು ತಾನಾಗಿ ಸಣ್ಣದಾಯಿತು. ಮುಂದೆ ಹಳೆಯ ಕಂಪನಿಯ ಸಿಬ್ಬಂದಿ ಅಧಿಕಾರಿ, ಕೋರ್ಟಿನವರು ನೇಮಿಸಿದ ಒಬ್ಬ ಆಡಳಿತಗಾರ, ನಡುವೆ ಬಿಳಿ ಕೂದಲಿನ ಹೆಂಗಸು, ಅವಳ ಭುಜಕ್ಕೆ ಅಂಟಿಕೊಂಡ ಹಾಗೆ ದುಭಾಷಿ. ಆ ಹೆಂಗಸು ನೆಲ ಗುಡಿಸುವವನಿಗೆ ದಾರಿ ಬಿಟ್ಟು ನಿಂತು, ಅವನು ಹೋದ ಮೇಲೆ ಮುಂದೆ ಬಂದಳು. ಎಡಸಾಲನ್ನು ನೋಡಿದರು, ತಲೆಯಾಡಿಸಿದರು. ತನಗೂ ಏನಾದರೂ ಹೊಲಿಯಲು ಹೇಳುತ್ತಾರೆಂದು ಇವಳು ಎದ್ದು ನಿಂತಿದ್ದಳು, ಹೇಳಲಿಲ್ಲ. ದಾಟಿಹೋದರು. ಬಲಸಾಲಿನ ತುದಿಯಲ್ಲಿ ನಿಂತರು. ಬಿಳಿ ಕೂದಲಿನ ಹೆಂಗಸು ಮೆಲ್ಲಗೆ ಏನೋ ಹೇಳಿದಳು.

ದುಭಾಷಿ ಗೆಳತಿಯ ಕಡೆ ತಿರುಗಿದ. ‘ಏರ್‌ಬ್ಯಾಗಿನ ಹೊಲಿಗೆ ಒಂದು ಹಾಕಿ ತೋರಿಸ್ತೀರಾ ಅಂತ ಕೇಳ್ತಿದ್ದಾರೆ.’

‘ಅದೊಂದೇನಾ?’ ಎಂದಳು ಗೆಳತಿ ನಗುತ್ತಲೇ. ‘ಬೇಕಾದ್ರೆ ಇಡೀ ಗವಸೇ ಹೊಲಿದು ಕೊಡ್ತೀನಿ.’

‘ಬೇಡ. ಅದೊಂದೇ ಅಂತೆ.’

ನಗು ಕೂಡಲೇ ಹೋಗಲಿಲ್ಲ. ಒಲೆ ಆರಿಸಿದ ಮೇಲೂ ಹಾಲು ಒಂದು ಗಳಿಗೆ ಮೇಲೆಯೇ ನಿಲ್ಲುತ್ತದಲ್ಲ, ಹಾಗೆ ನಿಂತಿತ್ತು. ಗೆಳತಿ ದಾರದ ಪೆಟ್ಟಿಗೆಯ ಮುಚ್ಚಳ ತೆಗೆಯಲು ಬಗ್ಗಿದವಳು ಅರ್ಧದಲ್ಲಿ ನಿಂತಳು. ಇಷ್ಟೊಂದು ಹೊಲಿಗೆಗಳಲ್ಲಿ ಅದೊಂದೇ ಯಾಕೆ? ಆ ಪ್ರಶ್ನೆ ಅವಳ ಬೆನ್ನಿನ ಮೇಲೆ ನಡೆದುಹೋಗುವುದು ಇವಳಿಗೆ ಕಣ್ಣಾರೆ ಕಂಡಿತು. ಆ ಮಧ್ಯಾಹ್ನದ ವಿಷಯ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಗೆಳತಿ ತಿರುಗಿ ಇವಳನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಗುರುತಿನ ಅಂಗಡಿಯವನು ತೂಕದಲ್ಲಿ ಕಡಿಮೆ ಮಾಡಿದ್ದು ಗೊತ್ತಾದಾಗ, ಒಮ್ಮೆ ತಕ್ಕಡಿಯನ್ನೂ ಒಮ್ಮೆ ಅವನನ್ನೂ ನೋಡಿ, ಚೀಲ ಎತ್ತಿಕೊಂಡು ಹೊರಡುತ್ತೇವಲ್ಲ, ಅಂಥದ್ದು. ಆಮೇಲೆ ತೆಳು ದಾರವನ್ನು ಪೋಣಿಸಿ ಕೂತಳು.

ಮಷಿನ್ನು ಓಡಿತು. ಅವಳ ಕೈ ಬಟ್ಟೆಯನ್ನು ನಡೆಸುವ ರೀತಿಯನ್ನು, ಮಗುವಿನ ತಲೆ ಸವರುವ ಹಾಗೆ ಹೆಬ್ಬೆರಳು ಮುಂದೆ ಮುಂದೆ ಹೋಗುವುದನ್ನು, ಇವಳು ಎಷ್ಟು ಸಲ ನೋಡಿದ್ದಳೋ. ಒಂದು ಗೇಣು. ಹೊಲಿಗೆ ತುದಿಗೆ ಬರುತ್ತಿದ್ದ ಹಾಗೆ ಗೆಳತಿಯ ಬಲಗೈ ಬಟ್ಟೆಯಿಂದ ಎದ್ದಿತು, ಹಿಂದಕ್ಕೆ ಓಡಿಸುವ ಹಿಡಿಯ ಕಡೆಗೆ. ಯಾರೂ ಅದನ್ನು ಗಮನಿಸಲಿಲ್ಲ. ಇವಳು ಗಮನಿಸಿದಳು. ಆ ಒಂದು ಗಳಿಗೆಯಲ್ಲಿ ಇವಳ ಮೈಯೊಳಗಿನ ಎಲ್ಲವೂ ಆ ಕೈಗೆ, ಒತ್ತು, ಒತ್ತು ಎಂದು ಬೇಡಿಕೊಂಡಿತು. ಒತ್ತಿಬಿಟ್ಟರೆ ತಾನು ಹೇಳಿದ್ದು ನಿಜವಾಗುತ್ತದೆ. ನಿಜವೇ ಆಗಿದ್ದ ಮಾತಿಗೆ ಇನ್ನೂ ನಿಜವಾಗಬೇಕಾದ ಅಗತ್ಯ ಏನಿತ್ತೋ. ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಕೇಳಿಸಿತು. ಗೆಳತಿಯ ಕೈ ಆ ಹಿಡಿಯ ಮೇಲೆ ಗಾಳಿಯಲ್ಲೇ ನಿಂತಿತು. ಮತ್ತೆ ಮೆಲ್ಲಗೆ ಇಳಿದು, ಮಡಿಲಲ್ಲಿ ಮುದುಡಿ ಕೂತಿತು. ದಾರವನ್ನು ಎಡಗೈಯಿಂದ ಕತ್ತರಿಸಿದಳು.

ಬಿಳಿ ಕೂದಲಿನ ಹೆಂಗಸು ತುಂಡನ್ನು ಎಳೆದು ನೋಡುವ ಯಂತ್ರಕ್ಕೆ ಕಚ್ಚಿಸಿದಳು. ಮುಳ್ಳು ಏರಿತು, ಇನ್ನೂ ಏರಿತು, ಎಲ್ಲಿ ಹರಿಯಬೇಕೋ ಅಲ್ಲಿಯೇ ಹೊಲಿಗೆ ಚರ್‍ರನೆ ಹರಿಯಿತು. ಅವಳ ಮುಖದಲ್ಲಿ ಸಮಾಧಾನವೋ ಗೊಂದಲವೋ ತಿಳಿಯದಂಥದ್ದೊಂದು ಬಂದು ಹೋಯಿತು. ಗೆಳತಿಯ ಭುಜ ಮುಟ್ಟಿ ಏನೋ ಹೇಳಿದಳು.

‘ತುಂಬ ಚೆನ್ನಾಗಿದೆ ಅಂತಾರೆ’ ಎಂದ ದುಭಾಷಿ.

‘ಚೆನ್ನಾಗಿ ಹರೀತು ಅಂತ ಹೊಗಳಿಸಿಕೊಂಡವಳು ನಾನೊಬ್ಬಳೇ ಇರಬೇಕು’ ಎಂದಳು ಗೆಳತಿ. ಎರಡೂ ಸಾಲಿನ ಹೆಂಗಸರು ಜೋರಾಗಿ ನಕ್ಕರು, ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನೆಲ್ಲ ಸೇರಿಸಿ. ಇವಳ ಬಾಯಿ ತೆರೆಯಿತು. ಒಂದೇ ಸಲ. ಹೇಳಬೇಕಾದದ್ದು ಅಷ್ಟೇ. ಅದು ಆದದ್ದು ಒಂದೇ ಸಲ.

‘ಏನಾದ್ರೂ ಹೇಳಬೇಕಾ?’ ದುಭಾಷಿ ಇವಳ ಕಡೆ ತಿರುಗಿದ್ದ. ಅವನ ಹಿಂದೆ ಎಲ್ಲರೂ ತಿರುಗಿದರು, ಗೆಳತಿಯೊಬ್ಬಳನ್ನು ಬಿಟ್ಟು. ಅವಳು ಹರಿದ ತುಂಡಿನ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳುತ್ತಿದ್ದಳು.

‘ಏನಿಲ್ಲ’ ಎಂದಳು ಇವಳು.

ಸಿಬ್ಬಂದಿ ಅಧಿಕಾರಿ ಗೆಳತಿಗೆ ತನ್ನ ಜೊತೆ ಬರಲು ಹೇಳಿದ. ಏನಿಲ್ಲ ಎಂಬ ಮಾತು ಬಾಯಿಂದ ಹೊರಟ ಮೇಲೆ ಅದು ಎಷ್ಟು ಬೇಗ ಎಲ್ಲ ಕಡೆ ಹರಡಿಕೊಳ್ಳುತ್ತದೆ ಎಂದು ಅವಳು ನೋಡುತ್ತ ನಿಂತಳು: ಮಷಿನ್ನಿನ ಮೇಲೆ, ಬಟ್ಟೆಯ ಕಟ್ಟುಗಳ ಮೇಲೆ, ಎದ್ದುಹೋದವಳ ಕುರ್ಚಿಯ ಮೇಲೆ. ಕುರ್ಚಿಯ ಬೆನ್ನಿಗೆ ಗೆಳತಿಯ ಹಳೆಯ ಸ್ವೆಟರು ನೇತುಬಿದ್ದಿತ್ತು. ಚಳಿಯ ದಿನಗಳಲ್ಲಿ ಮೊದಲು ಬಂದವರು ಅದನ್ನು ಹಾಕಿಕೊಳ್ಳುವುದು. ಅಪ್ಪನ ಬೆನ್ನು ನೆನಪಾಯಿತು, ಬಗ್ಗಿದ್ದು, ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದದ್ದು, ನೀರೆಲ್ಲ ಹೋದ ಮೇಲೂ ಹಿಂಡುತ್ತಿದ್ದದ್ದು. ಅವನಿಗೆ ಅಷ್ಟು ಬೇಗ ಸುಳ್ಳು ಹೇಗೆ ಹೊಳೆಯಿತು? ಅವನು ಯೋಚಿಸಲಿಲ್ಲ ಎಂದು ಇಷ್ಟು ವರ್ಷಗಳ ಮೇಲೆ ಅವಳಿಗೆ ಅರ್ಥವಾಯಿತು. ಎಡವಿದ ಮಗುವಿಗೆ ಕೈ ಚಾಚುವಾಗ ಯಾರೂ ಯೋಚಿಸುವುದಿಲ್ಲ. ಅವಳ ಕಾಲುಗಳು ಆಗಲೇ ಓಣಿಯಲ್ಲಿದ್ದವು.

ದುಭಾಷಿ ಕಚೇರಿಯ ಹೊರಗೆ, ಗೋಡೆಗೆ ಒರಗಿ ನಿಂತಿದ್ದ. ಒಳಗೆ ಸಿಬ್ಬಂದಿ ಅಧಿಕಾರಿಯೂ ಗೆಳತಿಯೂ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು, ಅವನ ಅಗತ್ಯ ಇರಲಿಲ್ಲ. ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿ ಅವಳು, ‘ನಿಮ್ಮ ಮೇಡಂಗೆ ಒಂದು ಮಾತು ಹೇಳಬೇಕು’ ಎಂದಳು. ‘ಅದು ಒಂದೇ ಸಲ ಆಗಿದ್ದು. ನಾವೇ ಬಿಚ್ಚಿ ಸರಿ ಮಾಡಿದ್ವಿ. ಇವತ್ತು ನೀವೇ ನೋಡಿದ್ರಲ್ಲ. ಅದನ್ನ ಹೇಳಿ ಅವರಿಗೆ.’

ಅವನು ಕಾಲು ಕುಣಿಸುವುದನ್ನು ನಿಲ್ಲಿಸಿದ. ‘ಅವರು ಆ ಕಡೆ ಬಣ್ಣದ ವಿಭಾಗಕ್ಕೆ ಹೋದರಮ್ಮ. ಇದು ನಿನ್ನೆ ಸಂಜೆಯೇ ನಿರ್ಧಾರ ಆಗಿದ್ದು, ಅವರ ದೇಶದ ಕಚೇರಿಯಿಂದ ಒಪ್ಪಿಗೆ ಕೂಡ ಬಂದಿದೆ. ಇವತ್ತಿನದು...’ ಹೇಗೆ ಹೇಳಲಿ ಎಂದು ಹುಡುಕಿದ. ‘ಇವತ್ತಿನದು ಅವರ ಮನಸ್ಸಿನ ನೆಮ್ಮದಿಗೆ ಕೇಳಿದ್ದು. ನೆಮ್ಮದಿ ಆಗಲಿಲ್ಲ ಅವರಿಗೂ. ಹೇಳಿ ನೋಡ್ತೀನಿ. ಆದರೆ ಬದಲಾಗುತ್ತೆ ಅಂತ ನಾನು ಸುಳ್ಳು ಹೇಳೋಲ್ಲ.’

‘ನಾನು ನಿನ್ನೆಯೇ ಹೇಳಬೇಕಿತ್ತು’ ಎಂದಳು ಅವಳು.

‘ನಾನು ನಿನ್ನೆ ಅವರಿಗೆ ಹೇಳೋ ಮೊದಲು ಸ್ವಲ್ಪ ಹೊತ್ತು ಕಾದೆ, ಅಮ್ಮ’ ಎಂದ ಅವನು. ಆಕ್ಷೇಪಣೆಯೇ ಇರಲಿಲ್ಲ ಅವನ ದನಿಯಲ್ಲಿ. ಅದಿದ್ದಿದ್ದರೆ ತಾಳಿಕೊಳ್ಳಬಹುದಿತ್ತು.

ಮುಖ ತೊಳೆಯಲು ಹೋದಾಗ ಗೆಳತಿ ಅಲ್ಲಿದ್ದಳು, ಸಾಲು ನಲ್ಲಿಗಳ ಕೊನೆಯಲ್ಲಿ, ಸೋಪು ಹಚ್ಚಿದ ಕೈಗಳನ್ನು ನೀರಿಗೊಡ್ಡದೆ ಹಾಗೇ ಹಿಡಿದುಕೊಂಡು. ಇವಳು ಎರಡು ನಲ್ಲಿ ಆಚೆ ನಿಂತಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡಿದರು.

‘ಈ ತಿಂಗಳ ಕೊನೆ ತನಕವಂತೆ’ ಎಂದಳು ಗೆಳತಿ. ‘ನೀನು ಇರ್ತೀಯ. ಎರಡೂ ಕಡೆಗೂ ನೀನೇ.’

‘ಕೇಳು ಇಲ್ಲಿ—’

‘ಅವತ್ತು ಆ ಹೊಲಿಗೆ ಬಿಚ್ಚೋವಾಗ ನನ್ನ ಕೈ ನಡುಗ್ತಿತ್ತು. ಬ್ಲೇಡು ಹಿಡಿಯೋಕೇ ಆಗಲಿಲ್ಲ. ನೀನೇ ಇಸ್ಕೊಂಡು ಬಿಚ್ಚಿದೆ. ಹೆದರಬೇಡ್ವೇ, ನಾನಿದ್ದೀನಲ್ಲ ಅಂದೆ. ನೆನಪಿದ್ಯಾ?’

‘ಇದೆ.’

‘ಅದನ್ನೂ ಹೇಳಿದ್ಯಾ ಅವರಿಗೆ?’

ನೀರು ಸುರಿಯುತ್ತಿತ್ತು. ಯಾವ ನಲ್ಲಿಯದೆಂದು ತಿಳಿಯಲಿಲ್ಲ. ಗೆಳತಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಹೋಗುವಾಗ ಇವಳ ಮುಂದಿನ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಇವಳೇ ತೆರೆದು ಮರೆತದ್ದು ಅದು.

ಊಟದ ಹಾಲಿನಲ್ಲಿ ಗೋಡೆಯುದ್ದಕ್ಕೂ ಒಂದೇ ಬೆಂಚು. ಅದರ ಬಾಗಿಲ ಕಡೆಯ ತುದಿ ಇಬ್ಬರದು, ಯಾರೂ ಅಲ್ಲಿ ಕೂರುವುದಿಲ್ಲ. ಇಂದು ಗೆಳತಿ ಆ ತುದಿಗೆ ಬರಲಿಲ್ಲ. ಆಚೆ ತುದಿಯಲ್ಲಿ, ಕಿಟಕಿಯ ಕೆಳಗೆ ಹೋಗಿ ಕೂತಳು. ನಡುವೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಯಾರಿಗೆ ಏನು ಗೊತ್ತಾಗಿತ್ತೋ. ಇಂಥದ್ದು ಹೇಳದೆಯೇ ಬಟ್ಟೆಯ ಮೇಲಿನ ನೀರಿನ ಹಾಗೆ ಹಬ್ಬುತ್ತದೆ. ಆಚೆ ತುದಿಯಲ್ಲಿ ಗೆಳತಿ ಏನೋ ಹೇಳಿದಳು, ‘ಇನ್ನು ನಮ್ಮ ಅತ್ತೆಗೆ ಹಗಲೆಲ್ಲ ಜಗಳ ಆಡೋಕೆ ಒಬ್ಬಳು ಸಿಕ್ಕಳು ಬಿಡು’ ಎಂಬುದಷ್ಟು ಕೇಳಿಸಿತು. ಯಾರೂ ನಗಲಿಲ್ಲ. ಆಮೇಲೆ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಮಾತ್ರ.

ಅವಳ ಮುಂದೆ ಏನೂ ಇರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡಳು. ಮನೆಯಲ್ಲಿ ಮೇಜಿನ ಮೇಲೆ ಇರುವ ಡಬ್ಬಿಯನ್ನು ಗಂಡ ಈಗ ನೋಡಿರುತ್ತಾನೆ. ಮರೆತುಹೋದಳು ಎಂದುಕೊಂಡು ಅದನ್ನು ತಾನೂ ತಿನ್ನದೆ ಮುಚ್ಚಿಟ್ಟಿರುತ್ತಾನೆ. ಎದ್ದು ಹೋಗಿಬಿಡಬೇಕು ಎನಿಸಿತು. ಎದ್ದರೆ ಇಡೀ ಬೆಂಚಿನ ಮುಂದೆ ಹಾದುಹೋಗಬೇಕಿಲ್ಲ, ಬಾಗಿಲು ಪಕ್ಕದಲ್ಲೇ ಇತ್ತು. ಆದರೂ ಏಳಲಾಗಲಿಲ್ಲ. ಆ ಕಾರಿನ ಸೀಟಿನಲ್ಲಿ ಕೂತಿದ್ದಂತೆಯೇ ಕೂತಿದ್ದಳು, ಕಾಲು ಎಲ್ಲಿಯೂ ತಾಗದ ಹಾಗೆ.

ಬೆಂಚಿನ ಆಚೆ ತುದಿಯಲ್ಲಿ ಏನೋ ಚಲಿಸಿತು. ಅವಳು ತಲೆಯೆತ್ತಲಿಲ್ಲ, ಕಣ್ಣಿನ ಅಂಚಿನಲ್ಲಿ ಮಾತ್ರ ಕಂಡಿತು. ಗೆಳತಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ತನ್ನ ಡಬ್ಬಿಯನ್ನು ಪಕ್ಕದವಳ ಕೈಗೆ ಕೊಟ್ಟಿದ್ದಳು. ಪಕ್ಕದವಳು ಒಂದು ಗಳಿಗೆ ಅದನ್ನು ಹಿಡಿದುಕೊಂಡು ನೋಡಿದಳು, ಆಮೇಲೆ ತನ್ನ ಪಕ್ಕದವಳಿಗೆ ದಾಟಿಸಿದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅಂಚು ತಗ್ಗಿದ ಆ ಮುಚ್ಚಳವನ್ನು ಗುರುತಿಸದವರು ಅಲ್ಲಿರಲಿಲ್ಲ. ತಿನ್ನುತ್ತಿದ್ದವರು ಎಡಗೈಯಲ್ಲಿ ಇಸಿದುಕೊಂಡು ಎಡಗೈಯಲ್ಲೇ ಮುಂದಕ್ಕೆ ಕೊಟ್ಟರು. ಕಟ್ಟಿದ್ದ ಬಟ್ಟೆ ಬಿಚ್ಚಿರಲಿಲ್ಲ. ಮಂಜುಗಣ್ಣಿನ ಮುದುಕಿ ಹಾಕಿದ ಎರಡು ಗಂಟು, ಒಂದರ ಮೇಲೊಂದು, ಬಿಗಿಯಾಗಿ. ಕೈಯಿಂದ ಕೈಗೆ, ಕೈಯಿಂದ ಕೈಗೆ ಬಂದು ಅದು ರೇಡಿಯೊ ಹತ್ತಿರ ನಿಂತಿತು. ಅವಳು ಏನಾದರೂ ಅನ್ನುತ್ತಾಳೆಂದು ಇವಳು ಕಣ್ಣು ಮುಚ್ಚಿಕೊಂಡಳು. ರೇಡಿಯೊ ಏನೂ ಅನ್ನಲಿಲ್ಲ. ಇನ್ನೂ ಬೆಚ್ಚಗಿದ್ದ ಆ ಡಬ್ಬಿಯನ್ನು, ಮೊಣಕಾಲಿನ ಮೇಲೆ ಬಿದ್ದಿದ್ದ ಇವಳ ಕೈಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ನಡುವೆ ಇಟ್ಟಳು.